ಎಡಗೈ ನೋಡಿ ಕೃತಿ ಆರಿಸಿ: ಮಲೆನಾಡಿನ ಪಿಯಾನೊ ಕಲಿಕೆಯವರಿಗೆ ಒಂದೆರಡು ಪುಟದ ಕ್ಲಾಸಿಕಲ್ ಕೃತಿಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಪಿಯಾನೊ ಕಲಿಯಬೇಕು ಎಂದು ಹೊರಡುವವರು ಸಾಮಾನ್ಯವಾಗಿ ಏನೂ ಗೊತ್ತಿಲ್ಲದೆ ಬರುವುದಿಲ್ಲ. ಭಜನೆಗೆ ಹಾರ್ಮೋನಿಯಂ ನುಡಿಸಿರುತ್ತಾರೆ, ಸರಳೆ, ಜಂಟಿ ವರಸೆ ಆಗಿರುತ್ತದೆ, ಇಲ್ಲವೇ ಚರ್ಚ್‌ನ ಗಾಯನ ತಂಡದಲ್ಲಿ ಕೀಬೋರ್ಡ್ ಮುಂದೆ ಕೂತ ಅಭ್ಯಾಸ ಇರುತ್ತದೆ. ಕಿವಿ ಚುರುಕು, ಬಲಗೈ ಪಳಗಿದೆ. ಹಿಂದೆ ಬಿದ್ದಿರುವುದು ಎಡಗೈ. ಹಾರ್ಮೋನಿಯಂನಲ್ಲಿ ಅದಕ್ಕೆ ತಿದಿ ಒತ್ತುವ ಕೆಲಸ. ಆಟೋ ರಿದಮ್ ಇರುವ ಕೀಬೋರ್ಡ್‌ನಲ್ಲಿ ಒಂದು ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಹಿಡಿದು ಕೂತರೆ ಸಾಕು, ಉಳಿದದ್ದನ್ನೆಲ್ಲ ಯಂತ್ರವೇ ನುಡಿಸುತ್ತದೆ.

ಇಂಥವರು ‘ಸುಲಭ ಕ್ಲಾಸಿಕಲ್ ಕೃತಿಗಳು’ ಎಂಬ ಯಾವುದೋ ಸಂಗ್ರಹ ಇಳಿಸಿಕೊಂಡು ಕೂತರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಮೇಲಿನ ಸಾಲಿನ ರಾಗ ಅರ್ಧ ಗಂಟೆಯಲ್ಲಿ ಬರುತ್ತದೆ. ಎರಡೂ ಕೈ ಸೇರಿಸುವ ಹೊತ್ತಿಗೆ ಎಲ್ಲ ಕುಸಿಯುತ್ತದೆ. ಕೃತಿ ಸುಲಭವೇ ಇರಬಹುದು, ಆದರೆ ಆರಿಸುವಾಗ ನೋಡಿದ್ದು ಬಲಗೈಯನ್ನು. ನನ್ನ ಸಲಹೆ ಇಷ್ಟೇ: ಎಡಗೈಗೆಂದು ಬರೆದ ಕೆಳಗಿನ ಸಾಲನ್ನು ಮೊದಲು ನೋಡಿ. ಎಡಗೈಗೆ ಎಷ್ಟು ಕೆಲಸ ಇದೆ ಎಂಬುದರ ಮೇಲೆ ಕೃತಿಗಳನ್ನು ಜೋಡಿಸಿಕೊಂಡು, ಒಂದೊಂದನ್ನೂ ಕೊನೆಯ ಬಾರ್‌ವರೆಗೆ (ನೊಟೇಶನ್‌ನಲ್ಲಿ ಎರಡು ನಿಲುಗೆರೆಗಳ ನಡುವಿನ ತುಂಡೇ ಬಾರ್) ಮುಗಿಸಿ ಮುಂದೆ ಹೋಗಿ. ಹಾಗೆ ಜೋಡಿಸಿದ ಹನ್ನೆರಡು ಕೃತಿಗಳ ಒಂದು ಕಡತ ಮಾಡಿಕೊಳ್ಳುವ ಬಗೆ ಇಲ್ಲಿದೆ.

ವಾದ್ಯ, ಕುರ್ಚಿ, ಮಳೆ

ಒತ್ತಲು ಭಾರವಿರುವ 88 ಕೀಗಳ ಡಿಜಿಟಲ್ ಪಿಯಾನೊ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ 61 ಕೀಗಳ ಕೀಬೋರ್ಡ್‌ನಲ್ಲೂ ಮೊದಲ ಹಂತವನ್ನು ಧಾರಾಳವಾಗಿ ಮುಗಿಸಬಹುದು. ಒಂದೇ ಷರತ್ತು, ಅದು ಟಚ್ ಸೆನ್ಸಿಟಿವ್ ಆಗಿರಬೇಕು. ಅಂಗಡಿಯಲ್ಲೇ ಒಂದು ಕೀಯನ್ನು ಮೆಲ್ಲಗೆ ಒತ್ತಿ, ಆಮೇಲೆ ಜೋರಾಗಿ ಒತ್ತಿ ನೋಡಿ. ಸದ್ದು ಎರಡೂ ಸಲ ಒಂದೇ ಆಗಿದ್ದರೆ ಬಿಡಿ. ಹಾರ್ಮೋನಿಯಂನಲ್ಲಿ ಸದ್ದಿನ ಏರಿಳಿತ ತಿದಿಯಿಂದ ಬರುತ್ತದೆ, ಪಿಯಾನೊದಲ್ಲಿ ಬೆರಳಿನಿಂದಲೇ ಬರಬೇಕು. ಅದೂ ಅಲ್ಲದೆ ಹಾರ್ಮೋನಿಯಂ ಸ್ವರ ಒತ್ತಿದಷ್ಟು ಹೊತ್ತೂ ಅದೇ ಬಲದಲ್ಲಿ ನಿಲ್ಲುತ್ತದೆ, ಪಿಯಾನೊ ಸ್ವರ ಹುಟ್ಟಿದ ಕ್ಷಣದಿಂದಲೇ ಕರಗತೊಡಗುತ್ತದೆ. ಈ ಎರಡು ವ್ಯತ್ಯಾಸ ಬೆರಳಿಗೆ ಗೊತ್ತಾಗಬೇಕಾದರೆ ರಿದಮ್, ಸ್ಟೈಲ್ ಎಲ್ಲ ನಿಲ್ಲಿಸಿ, ಬರೀ ಪಿಯಾನೊ ಧ್ವನಿಯನ್ನು ಇಟ್ಟುಕೊಳ್ಳಬೇಕು. ಜೊತೆಗೆ ಒಂದು ಸಸ್ಟೇನ್ ಪೆಡಲ್ (ಬೆರಳು ಎತ್ತಿದ ಮೇಲೂ ಸ್ವರ ಉಳಿಸುವ ಕಾಲೊತ್ತು) ತನ್ನಿ. ಅದು ಕಡತದ ನಾಲ್ಕನೇ ಕೃತಿಯಿಂದ ಬೇಕಾಗುತ್ತದೆ.

ಕೀಬೋರ್ಡನ್ನು ಹಾರ್ಮೋನಿಯಂ ಹಾಗೆ ಚಾಪೆಯ ಮೇಲಿಟ್ಟುಕೊಂಡು ನುಡಿಸಬೇಡಿ. ಎರಡು ಕೈ ಆಡಿಸಬೇಕಾದಾಗ ಮಣಿಕಟ್ಟು ಮುರಿದಂತೆ ಬಾಗುತ್ತದೆ, ಕಿರುಬೆರಳಿಗೆ ಬಲವೇ ಸಿಗುವುದಿಲ್ಲ. ಮೇಜು ಕುರ್ಚಿ ಬೇಕು. ಕೂತಾಗ ಮೊಣಕೈ ಕೀಗಳ ಮಟ್ಟಕ್ಕೆ ಬರಲಿ. ಕುರ್ಚಿ ತಗ್ಗಾದರೆ ಮಡಚಿದ ಜಮಖಾನ ಹಾಕಿ.

ಇನ್ನು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ವಾದ್ಯವನ್ನು ಬಿಡುತ್ತದೆಯೇ? ನಿಜವಾದ ಮರದ ಪಿಯಾನೊಗೆ ಶೇ 40ರಿಂದ 60ರ ಆರ್ದ್ರತೆ ಹಿತ. ಅದಕ್ಕಿಂತ ಮೇಲೇರಿದರೆ ಮರ, ಫೆಲ್ಟ್ ಉಬ್ಬಿ ಒತ್ತಿದ ಕೀ ಮೇಲೇಳುವುದಿಲ್ಲ, ತಂತಿಗೆ ತುಕ್ಕು ಹಿಡಿಯುತ್ತದೆ, ಶ್ರುತಿ ಜಾರುತ್ತದೆ. ಆಗುಂಬೆ, ಹೊಸನಗರದ ಕಡೆಯವರು ಹಳೆಯ ಪಿಯಾನೊ ಅಗ್ಗಕ್ಕೆ ಸಿಕ್ಕಿತೆಂದು ತರುವ ಮೊದಲು ಶ್ರುತಿ ಮಾಡುವವರು ಎಲ್ಲಿಂದ ಬರಬೇಕು, ಎಷ್ಟಾಗುತ್ತದೆ ಎಂದು ವಿಚಾರಿಸಿಕೊಳ್ಳಿ. ನನ್ನನ್ನು ಕೇಳಿದರೆ ಮಲೆನಾಡಿಗೆ ಡಿಜಿಟಲ್ಲೇ ಸರಿ. ಅದನ್ನೂ ಹೊರಗೋಡೆಗೆ ತಾಗಿಸಿ ಇಡಬೇಡಿ. ನುಡಿಸಿದ ಮೇಲೆ ಬೆವರು ಒರೆಸಿ ಮುಚ್ಚಿ, ಹೊದಿಕೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಗುಡುಗು ಶುರುವಾದರೆ ಸ್ವಿಚ್ ಆರಿಸಿದ್ದು ಸಾಲದು, ಅಡಾಪ್ಟರನ್ನೇ ಕಿತ್ತಿಡಿ. ಕರೆಂಟು ಹೋದರೆ ಎರಡು ದಿನ ಬಾರದ ಊರಿನವರಿಗೆ ಇನ್ನೊಂದು ವಿಷಯ: 61 ಕೀಗಳ ಹಲವು ಮಾದರಿಗಳು ಆರು ಪೆನ್ ಬ್ಯಾಟರಿಯಲ್ಲಿ ನಡೆಯುತ್ತವೆ. ದೊಡ್ಡ ಡಿಜಿಟಲ್ ಪಿಯಾನೊಗಳಲ್ಲಿ ಹೆಚ್ಚಿನವಕ್ಕೆ ಈ ಅನುಕೂಲ ಇಲ್ಲ.

ನೊಟೇಶನ್ ಇಳಿಸಿಕೊಳ್ಳುವುದು

ಭಾರತದ ಕಾಯ್ದೆಯ ಪ್ರಕಾರ ಕರ್ತೃ ತೀರಿಕೊಂಡು 60 ವರ್ಷ ಕಳೆದ ಮೇಲೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಬಾಕ್, ಮೊಜಾರ್ಟ್, ಶೂಮನ್, ಚೈಕೋವ್‌ಸ್ಕಿ ಎಲ್ಲರೂ ಈ ಲೆಕ್ಕದಲ್ಲಿ ಮುಕ್ತ. 1925ರಲ್ಲಿ ತೀರಿಕೊಂಡ ಸಾಟಿ, 1945ರಲ್ಲಿ ತೀರಿಕೊಂಡ ಬಾರ್ಟೋಕ್ ಕೂಡ ಮುಕ್ತ. ಮಕ್ಕಳಿಗಾಗಿ ಚೆಂದದ ತುಣುಕುಗಳನ್ನು ಬರೆದ ಕಬಲೆವ್‌ಸ್ಕಿ ತೀರಿಕೊಂಡದ್ದು 1987ರಲ್ಲಿ, ಅವರದನ್ನು ಕೊಂಡೇ ನುಡಿಸಬೇಕು. 2006ರಲ್ಲಿ ಆರಂಭವಾದ ಐಎಂಎಸ್‌ಎಲ್‌ಪಿ ಎಂಬ ಜಾಲತಾಣದಲ್ಲಿ ಹಳೆಯ ಮುದ್ರಣಗಳ ಪಿಡಿಎಫ್ ಸಿಗುತ್ತದೆ.

ಹುಡುಕುವಾಗ ಹೆಸರನ್ನು ನಂಬಬೇಡಿ, ಸಂಖ್ಯೆಯನ್ನು ಹಿಡಿಯಿರಿ. ‘ಮಿನುಯೆಟ್ ಇನ್ ಜಿ’ ಎಂದರೆ ಹತ್ತಾರು ಬೇರೆ ಬೇರೆ ಕೃತಿಗಳು, ಜೊತೆಗೆ ಯಾರ‍್ಯಾರೋ ಸರಳಗೊಳಿಸಿದ ರೂಪಗಳು ಬರುತ್ತವೆ. ಕೃತಿಪಟ್ಟಿಯಲ್ಲಿ ಒಂದೊಂದು ಕೃತಿಗೂ ಕೊಟ್ಟ ಸಂಖ್ಯೆ ಇರುತ್ತದೆ: ಬಾಕ್‌ಗೆ ಬಿಡಬ್ಲ್ಯೂವಿ (BWV) ಸಂಖ್ಯೆ, ಮೊಜಾರ್ಟ್‌ಗೆ ಕೆ (K) ಸಂಖ್ಯೆ, ಶೂಮನ್‌ಗೆ ಓಪಸ್ (Op.) ಸಂಖ್ಯೆ ಹಾಕಿದರೆ ಮೂಲವೇ ಸಿಗುತ್ತದೆ. ಪ್ರಿಂಟ್ ಹಾಕಿಸುವಾಗ ಲೇಸರ್ ಪ್ರಿಂಟರ್‌ನಲ್ಲೇ ಹಾಕಿಸಿ. ಇಂಕ್‌ಜೆಟ್ ಶಾಯಿ ಆಷಾಢದ ಥಂಡಿಗೆ ಹರಡಿ, ಸ್ವರದ ಬೊಟ್ಟು ಗೆರೆಯ ಮೇಲಿದೆಯೋ ಗೆರೆಗಳ ನಡುವಿದೆಯೋ ತಿಳಿಯದಂತಾಗುತ್ತದೆ. ಒಂದೊಂದು ಹಾಳೆಯನ್ನೂ ಪ್ಲಾಸ್ಟಿಕ್ ಲಕೋಟೆಗೆ ಹಾಕಿ ಫೈಲ್ ಮಾಡಿ. ಎರಡು ಪುಟದ ಕೃತಿಯನ್ನು ಎದುರುಬದುರು ಇಟ್ಟರೆ ಪುಟ ತಿರುವುವ ಕಾಟ ಇಲ್ಲ.

ಮೊದಲ ಕೃತಿ: ಪೂರ್ತಿ ಬಿಡಿಸಿ ನೋಡೋಣ

ಕಡತದ ಮೊದಲ ಹಾಳೆ ಜಿ ಮೇಜರ್ ಮಿನುಯೆಟ್, ಬಿಡಬ್ಲ್ಯೂವಿ ಅನುಬಂಧ (Anh.) 114. ಬಾಕ್ ತನ್ನ ಹೆಂಡತಿ ಆನಾ ಮಗ್ಡಲೇನಾಗಾಗಿ ಇಟ್ಟ 1725ರ ಸಂಗೀತದ ಪುಸ್ತಕದಲ್ಲಿ ಇದು ಇದ್ದುದರಿಂದ ಬಹುಕಾಲ ಬಾಕ್‌ನದೇ ಎಂದು ನಂಬಲಾಗಿತ್ತು. ಡ್ರೆಸ್ಡೆನ್‌ನ ಆರ್ಗನ್ ವಾದಕ ಕ್ರಿಶ್ಚಿಯನ್ ಪೆಟ್ಜೋಲ್ಡ್ ಬರೆದದ್ದು ಎಂದು ತಿಳಿದದ್ದು 1970ರ ದಶಕದಲ್ಲಿ. ಹಳೆಯ ಪುಸ್ತಕಗಳಲ್ಲಿ ಇನ್ನೂ ಬಾಕ್ ಹೆಸರೇ ಇರುತ್ತದೆ, ಗಾಬರಿ ಬೇಡ. ಒಟ್ಟು 32 ಬಾರ್, 16ರ ಎರಡು ಭಾಗ, ಬಾರ್‌ಗೆ ಮೂರು ಎಣಿಕೆ.

ಹಾರ್ಮೋನಿಯಂ ಬಲ್ಲವರು ಬಿಳಿ ಐದನ್ನು ಷಡ್ಜ ಮಾಡಿಕೊಳ್ಳಿ. ಜಿ ಮೇಜರ್ ಎಂದರೆ ಆ ಶ್ರುತಿಗೆ ಶಂಕರಾಭರಣದ ಸ್ವರಗಳೇ. ಪಾಶ್ಚಾತ್ಯ ಮೇಜರ್ ಸ್ಕೇಲ್‌ಗೂ ಶಂಕರಾಭರಣಕ್ಕೂ ನೆಂಟಸ್ತಿಕೆ ಹಳೆಯದು. ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡ್ ಧಾಟಿಗಳಿಗೆ ನೊಟ್ಟುಸ್ವರ ಸಾಹಿತ್ಯ ಬರೆದದ್ದೂ ಈ ರಾಗದಲ್ಲೇ. ಮಿನುಯೆಟ್‌ನ ಬಲಗೈ ಹೀಗೆ ಶುರುವಾಗುತ್ತದೆ:

ಪಾ ಸರಿ ಗಮ | ಪಾ ಸಾ ಸಾ | ದಾ ಮಪ ದನಿ | ಸಾ ಸಾ ಸಾ

ಕೊನೆಯ ಬಾರ್‌ನ ಮೊದಲ ಷಡ್ಜ ತಾರ, ಮುಂದಿನವೆರಡು ಮಧ್ಯ. ಇದನ್ನು ಹಾಡಿ ನೋಡಿ, ಗಮಕ ಬೇಡ, ಸ್ವರ ನೆಟ್ಟಗೆ ಬರಲಿ. ಈಗ ಕೆಳಗಿನ ಸಾಲಿಗೆ ಬನ್ನಿ. ಎಡಗೈ ಮೊದಲ ಬಾರ್‌ನಲ್ಲಿ ಸ ಎರಡೆಣಿಕೆ, ರಿ ಒಂದೆಣಿಕೆ. ಆಮೇಲೆ ಬಾರ್‌ಗೆ ಒಂದೇ ಸ್ವರ: ಗ, ಮ, ಗ, ರಿ, ಸ. ಆರು ಬಾರ್‌ಗಳಲ್ಲಿ ಎಡಗೈ ಸರಿಗಮಗರಿಸ ಹಾಡಿ ಮುಗಿಸುತ್ತದೆ. ತಿದಿ ಒತ್ತಿ ಬೆಳೆದ ಕೈಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ. ಹಾರ್ಮೋನಿಯಂನವರಿಗೆ ತಕ್ಷಣ ಎದುರಾಗುವ ತೊಡಕು ಒಂದಿದೆ: ಮೂರೆಣಿಕೆಯ ಉದ್ದ ಸ್ವರವನ್ನು ಎಡಗೈ ಒತ್ತಿ ಬಿಟ್ಟುಬಿಡುತ್ತದೆ, ಇಲ್ಲವೇ ಬಲಗೈ ಎತ್ತಿದಾಗಲೆಲ್ಲ ತಾನೂ ಏಳುತ್ತದೆ. ಸ್ವರ ಕರಗುತ್ತಿದ್ದರೂ ಕೀ ಒತ್ತಿಯೇ ಇರಬೇಕು.

ಅಭ್ಯಾಸದ ಕ್ರಮ ಹೀಗಿರಲಿ. ಮೊದಲ ದಿನ ವಾದ್ಯ ಮುಟ್ಟಬೇಡಿ. ಮೂರೆಣಿಕೆಗೆ ತಟ್ಟುತ್ತ ಬಲಗೈ ಲಯವನ್ನು ಬಾಯಲ್ಲಿ ಹೇಳಿ, ಆಮೇಲೆ ತೊಡೆಯ ಮೇಲೆ ಎರಡೂ ಕೈ ತಟ್ಟಿ. ನಂತರ ಎಡಗೈ ಒಂದನ್ನೇ ನುಡಿಸುತ್ತ ಬಲಗೈ ರಾಗವನ್ನು ಹಾಡಿ. ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು, ಆದರೆ ಹಾಡಬಲ್ಲ ನಮ್ಮವರಿಗೆ ಇದೇ ದೊಡ್ಡ ಅನುಕೂಲ. ಎಡಗೈ ದೇಹಕ್ಕೆ ಹಿಡಿದ ಮೇಲೆ ಬಲಗೈ ಬೆರಳು ಗೊತ್ತುಮಾಡಿ. ಹೆಬ್ಬೆರಳು ಒಂದು, ಕಿರುಬೆರಳು ಐದು. ಮೊದಲ ಎರಡು ಬಾರ್‌ಗೆ ಸ ಮೇಲೆ ಒಂದು, ಪ ಮೇಲೆ ಐದು ಇಟ್ಟರೆ ಕೈ ಕದಲುವ ಕೆಲಸ ಇಲ್ಲ. ಮೂರನೇ ಬಾರ್‌ನಲ್ಲಿ ದ ಬಂದಾಗ ಕೈ ಮೇಲಕ್ಕೆ ಸರಿಯಲೇಬೇಕು. ಅಲ್ಲಿ ಯಾವ ಬೆರಳು ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳಿ, ಮತ್ತೆ ಬದಲಿಸಬೇಡಿ. ದಿನಕ್ಕೊಂದು ಬೆರಳಾದರೆ ಕೃತಿ ಎಂದೂ ಕೂರುವುದಿಲ್ಲ.

ಆಮೇಲೆ ಎರಡೂ ಕೈ, ಎರಡೇ ಬಾರ್, ಎಣಿಕೆ ತಟ್ಟುವ ಮೆಟ್ರೋನೋಮ್ ನಿಮಿಷಕ್ಕೆ 60ಕ್ಕೆ. ಫೋನಿನಲ್ಲಿ ಉಚಿತ ಮೆಟ್ರೋನೋಮ್ ಸಿಗುತ್ತದೆ. ಎರಡು ಬಾರ್ ಬಂದ ಮೇಲೆ ಮೂರನೆಯದರ ಮೊದಲ ಸ್ವರದವರೆಗೆ ನುಡಿಸಿ ನಿಲ್ಲಿಸಿ. ಮುಗ್ಗರಿಸುವುದು ಬಾರ್‌ನ ಒಳಗೆ ಕಡಿಮೆ, ಒಂದು ಬಾರ್‌ನಿಂದ ಇನ್ನೊಂದಕ್ಕೆ ದಾಟುವಾಗ ಹೆಚ್ಚು. ಎಂಟು ಬಾರ್ ಆದ ಮೇಲೆ ಕೃತಿಯ ಕೊನೆಯ ನಾಲ್ಕು ಬಾರ್‌ಗೆ ಹಾರಿ, ಅಲ್ಲಿಂದ ಹಿಂದಕ್ಕೆ ಕಟ್ಟುತ್ತ ಬನ್ನಿ. ಎಲ್ಲರಿಗೂ ಮೊದಲ ಸಾಲು ನೀರು ಕುಡಿದಂತೆ ಬರುತ್ತದೆ, ಕೊನೆಯ ಸಾಲು ಯಾರಿಗೂ ಬರುವುದಿಲ್ಲ. ಇದಕ್ಕೆ ಕಾರಣ ಪ್ರತಿ ಸಲ ಮೊದಲಿನಿಂದ ಶುರು ಮಾಡುವುದು.

9ನೇ ಬಾರ್‌ನಿಂದ ಬಲಗೈ ರಾಗ ಮತ್ತೆ ಬರುತ್ತದೆ, ಎಡಗೈ ಮಾತ್ರ ಬೇರೆ ಮಾತಾಡುತ್ತದೆ. ಇಲ್ಲಿ ಎಚ್ಚರ. ಎರಡನೇ ಭಾಗದಲ್ಲಿ ಸಿ ಶಾರ್ಪ್ ಬರುತ್ತದೆ, ನಮ್ಮ ಲೆಕ್ಕಕ್ಕೆ ಪ್ರತಿಮಧ್ಯಮ. ಸಂಗೀತ ಕಲಿತವರ ಕಿವಿ ಅಲ್ಲಿ ತಟ್ಟನೆ ನಿಲ್ಲುತ್ತದೆ. ಅದು ತಪ್ಪು ಮುದ್ರಣವಲ್ಲ, ಕೃತಿ ಸ್ವಲ್ಪ ಹೊತ್ತು ಪಂಚಮವನ್ನೇ ಷಡ್ಜ ಮಾಡಿಕೊಂಡು ಡಿ ಮೇಜರ್‌ಗೆ ಹೋಗಿ ಬರುತ್ತಿದೆ. ದಿನಕ್ಕೆ ಇಪ್ಪತ್ತು ನಿಮಿಷ ಕೂತರೂ ಸಾಕು, ವಾರಕ್ಕೊಮ್ಮೆ ಎರಡು ಗಂಟೆ ಬೇಡ.

ಉಳಿದವುಗಳ ಸಾಲು

ಎರಡನೆಯದು ಅದೇ ಪುಸ್ತಕದ ಡಿ ಮೇಜರ್ ಮ್ಯುಸೆಟ್, ಅನುಬಂಧ 126. ಎಡಗೈ ಕೆಳ ಡಿ, ಮೇಲಿನ ಡಿ ಎಂದು ಒಂದೇ ಸ್ವರವನ್ನು ಎರಡು ಸ್ಥಾಯಿಯಲ್ಲಿ ಹಿಡಿದಿರುತ್ತದೆ. ಮ್ಯುಸೆಟ್ ಎಂಬುದು ಒಂದು ಬಗೆಯ ಬ್ಯಾಗ್‌ಪೈಪ್, ಅದರ ಶ್ರುತಿಯ ಅನುಕರಣೆ ಇದು. ತಂಬೂರಿ ಕೇಳಿ ಬೆಳೆದವರಿಗೆ ವಿವರಣೆ ಬೇಕಿಲ್ಲ. ಸಣ್ಣ ಮಕ್ಕಳ ಕೈಗೆ ಒಂದು ಸ್ಥಾಯಿ ನಿಲುಕದಿದ್ದರೆ ಇದನ್ನು ಮುಂದೂಡಿ, ಬದಲಿಗೆ ಅನುಬಂಧ 115, ಜಿ ಮೈನರ್ ಮಿನುಯೆಟ್ ಹಾಕಿಕೊಳ್ಳಿ. ಅದೂ ಪೆಟ್ಜೋಲ್ಡ್‌ನದೇ, ಮೊದಲನೆಯದರ ಜೋಡಿ. ಮೂರನೆಯದು ಮೊಜಾರ್ಟ್‌ನ ಎಫ್ ಮೇಜರ್ ಮಿನುಯೆಟ್, ಕೆ 2. ಆರು ವರ್ಷ ತುಂಬುವ ಹೊತ್ತಿಗೆ, 1762ರ ಜನವರಿಯಲ್ಲಿ ರಚಿಸಿದ್ದು. ಮಕ್ಕಳಿಗೆ ಈ ಸಂಗತಿ ಹೇಳಿ ಹುರಿದುಂಬಿಸಬಹುದು, ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಲು ಬಳಸಬೇಡಿ.

ನಾಲ್ಕನೆಯದು ಬಾಕ್‌ನ ಸಿ ಮೇಜರ್ ಪ್ರಿಲ್ಯೂಡ್, ಬಿಡಬ್ಲ್ಯೂವಿ 846, 1722. ನೋಡಲು ಕಪ್ಪು ಬೊಟ್ಟುಗಳ ಕಾಡು, ನುಡಿಸಲು ಅಷ್ಟಿಲ್ಲ. ಅರ್ಧ ಬಾರ್‌ಗೆ ಎಡಗೈ ಎರಡು ಸ್ವರ ಒತ್ತಿ ಹಿಡಿಯುತ್ತದೆ, ಬಲಗೈ ಮೂರು ಸ್ವರವನ್ನು ಎರಡು ಸಲ ನುಡಿಸುತ್ತದೆ. ಉಳಿದರ್ಧವೂ ಅದೇ. 32ನೇ ಬಾರ್‌ವರೆಗೆ ಈ ಮಾದರಿ ಬದಲಾಗುವುದೇ ಇಲ್ಲ. ಆದ್ದರಿಂದ ಬಿಡಿಸಿ ನುಡಿಸುವ ಮೊದಲು ಪ್ರತಿ ಬಾರ್‌ನ ಐದೂ ಸ್ವರವನ್ನು ಒಟ್ಟಿಗೆ ಒಂದು ಕಾರ್ಡ್ ಆಗಿ ಒತ್ತಿ, ಮುಂದಿನ ಬಾರ್‌ಗೆ ಯಾವ ಬೆರಳು ಕದಲಬೇಕು, ಯಾವುದು ನಿಲ್ಲಬೇಕು ಎಂದು ನೋಡಿಕೊಳ್ಳಿ. ನಾಲ್ಕೈದು ದಿನ ಹೀಗೆ ಮಾಡಿದರೆ ಕೃತಿ ಅರ್ಧ ಬಾಯಿಪಾಠ ಆದಂತೆ. ಬಾರ್ ಎಣಿಸಿ ನೋಡಿ: 35 ಇರಬೇಕು. ಕೆಲವು ಹಳೆಯ ಮುದ್ರಣಗಳಲ್ಲಿ 22ರ ನಂತರ ಯಾರೋ ಸೇರಿಸಿದ ಒಂದು ಬಾರ್ ಇರುತ್ತದೆ, 36 ಆದರೆ ಬೇರೆ ಪ್ರತಿ ಹುಡುಕಿ. ಕೊನೆಗೆ ಎಡಗೈ ಇಳಿಯುವ ಅತಿ ತಗ್ಗಿನ ಸಿ, 61 ಕೀಗಳ ಕೀಬೋರ್ಡ್‌ನ ಎಡತುದಿಯ ಕೀಯೇ. ಅದರಾಚೆ ಕೃತಿ ಹೋಗುವುದಿಲ್ಲ. ಪೆಡಲ್ ಶುರು ಮಾಡಲು ಇದು ಒಳ್ಳೆಯ ಜಾಗ. ಹೊಸ ಬಾರ್‌ನ ಮೊದಲ ಸ್ವರಕ್ಕೆ ಕಾಲು ಮೇಲೇಳಬೇಕು, ಸ್ವರ ನುಡಿದ ಮರುಕ್ಷಣ ಮತ್ತೆ ಒತ್ತಬೇಕು. ಸ್ವರದ ಜೊತೆಗೇ ಒತ್ತಿದರೆ ಹಿಂದಿನ ಬಾರ್ ಸೇರಿಕೊಂಡು ಕಲಸುಮೇಲೋಗರ.

ಐದರಿಂದ ಎಂಟು, ನಾಲ್ಕೂ ಶೂಮನ್‌ನ ಓಪಸ್ 68ರಿಂದ. 1848ರಲ್ಲಿ ತನ್ನ ಮಕ್ಕಳಿಗೆಂದು ಶುರು ಮಾಡಿದ 43 ತುಣುಕುಗಳ ಸಂಗ್ರಹ ಅದು. ಸಂಗ್ರಹದ ಮೊದಲನೆಯ ‘ಮೆಲೊಡಿ’ಯಲ್ಲಿ ಎಡಗೈ ಬಿಡದೆ ಓಡುತ್ತದೆ, ಆದರೆ ಪಿಸುಗುಟ್ಟಬೇಕು. ಒಂದು ಕೈ ಮೆಲ್ಲಗೆ, ಇನ್ನೊಂದು ಎದ್ದು ಕೇಳುವಂತೆ ನುಡಿಸುವುದು ಇಲ್ಲಿಂದ ಶುರು. ಎರಡನೆಯ ‘ಸೈನಿಕರ ನಡಿಗೆ’ಯಲ್ಲಿ ಎರಡೂ ಕೈ ಒಂದೇ ಲಯದಲ್ಲಿ ಒಟ್ಟಿಗೆ ಬೀಳುತ್ತವೆ, ಅರೆಕ್ಷಣ ಹಿಂದೆಮುಂದಾದರೂ ಗೊತ್ತಾಗಿಬಿಡುತ್ತದೆ. ಸಂಗ್ರಹದ ಎಂಟನೆಯದು ‘ಒರಟು ಸವಾರ’, ಎ ಮೈನರ್, 24 ಬಾರ್. ಮೊದಲ ಎಂಟರಲ್ಲಿ ರಾಗ ಬಲಗೈಗೆ, ನಡುವಿನ ಎಂಟರಲ್ಲಿ ಅದೇ ರಾಗ ಎಫ್ ಮೇಜರ್‌ನಲ್ಲಿ ಎಡಗೈಗೆ, ಕೊನೆಗೆ ಮತ್ತೆ ಬಲಗೈಗೆ. ಇಲ್ಲಿಯವರೆಗೆ ಬಂದ ಮೇಲೆ ಎಡಗೈ ಎಷ್ಟು ಬೆಳೆದಿದೆ ಎಂಬುದಕ್ಕೆ ಇದೇ ಪರೀಕ್ಷೆ. ನಡುವಿನ ಭಾಗಕ್ಕೆ ಬೇರೆಯೇ ನಿಧಾನ ಗತಿ ಹಿಡಿಯುವವರು ಬಹಳ. ಹಾಗಾದರೆ ಇಡೀ ಕೃತಿಯ ವೇಗವನ್ನೇ ಎಡಗೈ ಓಡುವಷ್ಟಕ್ಕೆ ಇಳಿಸಿ. ಸಂಗ್ರಹದ ಹತ್ತನೆಯದು ‘ಸಂತಸದ ರೈತ’, ರಾಗ ಶುರುವಿನಿಂದಲೇ ಎಡಗೈಯದು.

ಕಡತದ ಒಂಬತ್ತನೆಯ ಹಾಳೆ ಬುರ್ಗ್‌ಮ್ಯುಲರ್‌ನ ‘ಅರಬೆಸ್ಕ್’, ಓಪಸ್ 100ರ ಎರಡನೆಯದು. ಐದು ಬೆರಳಿನ ಪುಟ್ಟ ಸುರುಳಿ ಬಲಗೈಯಲ್ಲಿ ಬಂದು, ನಡುವೆ ಎಡಗೈಗೂ ಸಿಗುತ್ತದೆ. ಕೇಳುವವರಿಗೆ ಇದ್ದದ್ದಕ್ಕಿಂತ ಕಷ್ಟದ್ದೆನಿಸುವ ಕೃತಿ, ನೆಂಟರ ಮುಂದೆ ನುಡಿಸಲು ಹೇಳಿ ಮಾಡಿಸಿದ್ದು. ಹತ್ತನೆಯದು ಚೈಕೋವ್‌ಸ್ಕಿಯ ‘ಹಳೆಯ ಫ್ರೆಂಚ್ ಹಾಡು’, 1878ರ ಓಪಸ್ 39ರ 24 ತುಣುಕುಗಳಲ್ಲಿ ಒಂದು, ಜಿ ಮೈನರ್. ಹಾಡಿದಂತೆ ನುಡಿಸಿ, ಉಸಿರು ತೆಗೆದುಕೊಳ್ಳುವಲ್ಲಿ ಕೈ ಎತ್ತಿ.

ಹನ್ನೊಂದು, ಸಾಟಿಯ ಮೊದಲ ಜಿಮ್ನೊಪೆಡಿ, 1888. ಎಡಗೈ ಮೊದಲೆಣಿಕೆಗೆ ಕೆಳಗೊಂದು ಸ್ವರ ಒತ್ತಿ, ಎರಡನೆಯದಕ್ಕೆ ಮೇಲಿನ ಕಾರ್ಡ್‌ಗೆ ಹಾರಬೇಕು. ಶುರುವಿನಲ್ಲಿ ಕೆಳಸ್ವರ ಜಿ, ಡಿ ಎಂದು ಸರದಿಯಲ್ಲಿ ಬರುತ್ತದೆ. ವೇಗ ನಿಧಾನ, ಹಾಗಾಗಿ ಹಾರಲು ಸಮಯ ಇದೆ. ಮೊದಲು ಕೈ ನೋಡುತ್ತ ಹಾರಿ, ಆಮೇಲೆ ಕಣ್ಣು ಮುಚ್ಚಿ. ಹನ್ನೆರಡು, ಶೋಪಾನ್‌ನ ಎ ಮೇಜರ್ ಪ್ರಿಲ್ಯೂಡ್, ಓಪಸ್ 28ರ ಏಳನೆಯದು. ಬರೀ 16 ಬಾರ್. 12ನೇ ಬಾರ್‌ನಲ್ಲಿ ಬಲಗೈಗೊಂದು ಅಗಲದ ಕಾರ್ಡ್ ಇದೆ, ಚಿಕ್ಕ ಕೈಗೆ ಒಮ್ಮೆಗೇ ಸಿಗುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಬಿಡಿಸಿ ನುಡಿಸಿ, ಪೆಡಲ್ ಹಿಡಿದುಕೊಳ್ಳುತ್ತದೆ.

ಫ್ಯುರ್ ಎಲೀಸ್ ಯಾಕಿಲ್ಲ?

ಕಾರಿನ ರಿವರ್ಸ್ ಹಾರ್ನ್‌ನಲ್ಲಿ ಕೇಳಿ ಕೇಳಿ ಎಲ್ಲರಿಗೂ ಮೊದಲು ಬೇಕಾಗುವುದು ಅದೇ. ಬೀಥೋವನ್ 1810ರಲ್ಲಿ ಬರೆದ ಆ ಕೃತಿಯ ಮೊದಲ ಭಾಗ ಮಾತ್ರ ಸುಲಭ. ನಡುವಿನ ಎರಡು ಭಾಗಗಳು ಈ ಕಡತದ ಯಾವ ಕೃತಿಗಿಂತಲೂ ಕಷ್ಟ, ಬಲಗೈ ಓಟ 61 ಕೀಗಳ ಬಲತುದಿಯನ್ನೂ ದಾಟಿಹೋಗುತ್ತದೆ. ಮಗು ಹಟ ಹಿಡಿದರೆ ಮೊದಲ ಭಾಗ ಕಲಿಸಿ, ಕಡತದ ಹೊರಗೆ. ಒಂದೇ ಮಾತು: ಇ, ಡಿ ಶಾರ್ಪ್ ಎಂದು ಓಲಾಡುವ ಜಾಗ ಮರಳಿ ಬಂದಾಗ ಎಷ್ಟು ಸಲ ಎಂದು ಎಣಿಸಿ ಬರೆದಿಡಿ. ಅಂದಾಜಿಗೆ ನುಡಿಸಿದರೆ ಪ್ರತಿ ಸಲ ಒಂದೊಂದು ಲೆಕ್ಕ.

ಕಲಿತದ್ದು ಉಳಿಯಬೇಕಾದರೆ

ಹೊಸದು ಬಂದಂತೆ ಹಳೆಯದು ಹೋಗುವುದು ಸಹಜ. ಅಭ್ಯಾಸಕ್ಕೆ ಕೂತಾಗ ಮೊದಲು ಕಡತದಿಂದ ಮುಗಿಸಿದ ಒಂದು ಕೃತಿ, ಆಮೇಲೆ ಹೊಸದು. ತಿಂಗಳಿಗೊಮ್ಮೆ ಫೋನಿನಲ್ಲಿ ಧ್ವನಿಮುದ್ರಿಸಿ, ಎಡಗೈ ಒಂದನ್ನೇ ಗಮನಿಸಿ ಕೇಳಿ. ಮನೆಗೆ ಬಂದವರು ‘ಒಂದು ನುಡಿಸು’ ಅಂದಾಗ ಸಿನಿಮಾ ಹಾಡಿಗೆ ಜಾರದೆ ಮಿನುಯೆಟ್ ನುಡಿಸಿ. ಒಂದೂವರೆ ನಿಮಿಷದ ಕೃತಿ, ಕಾಫಿ ಆರುವುದಿಲ್ಲ.

ಹನ್ನೆರಡೂ ಮುಗಿದವರು ಕ್ಲೆಮೆಂಟಿಯ ಓಪಸ್ 36, 1797ರ ಆರು ಸೊನಾಟಿನಾಗಳಲ್ಲಿ ಮೊದಲನೆಯದಕ್ಕೆ ಹೋಗಬಹುದು. ಮೂರು ಭಾಗ ಇದೆ, ಮೊದಲ ಭಾಗ ಸಾಕು. ಅಲ್ಲಿಂದ ಮುಂದೆ ಕೈಯ ಭಂಗಿ ತಿದ್ದಲು ಗುರು ಬೇಕೇ ಬೇಕು. ಊರಲ್ಲಿ ಸಿಗದಿದ್ದರೆ ಆನ್‌ಲೈನ್ ಪಾಠಕ್ಕೆ ಕ್ಯಾಮೆರಾವನ್ನು ಮುಖದ ಎದುರಿಗೆ ಇಡಬೇಡಿ. ಪಕ್ಕದಿಂದ, ಮಣಿಕಟ್ಟಿನ ಮಟ್ಟಕ್ಕೆ, ಎರಡೂ ಕೈ ಕಾಣುವಂತೆ ಇಡಿ. ಗ್ರೇಡ್ ಪರೀಕ್ಷೆ ಕಟ್ಟುವ ಯೋಚನೆ ಇದ್ದರೆ ಯಾವುದೇ ಕೃತಿ ಶುರು ಮಾಡುವ ಮೊದಲು ಆ ವರ್ಷದ ಪಟ್ಟಿ ನೋಡಿಕೊಳ್ಳಿ, ಪಟ್ಟಿಗಳು ಬದಲಾಗುತ್ತಿರುತ್ತವೆ.